ಮಾಗಿಯ ಚಳಿಗೆ ಹೆಣ್ಣುಮಕ್ಕಳು ತಾವೇ ಬರೆದು ಹಾಡಿದ ಹಾಡುಗಳು: ನಿಮ್ಮ ಆಯ್ಕೆ ಯಾವುದು?

ಮಾಗಿಮಲ್ಲಿಗೆ

ಧನುರ್ಮಾಸ ಹುಟ್ಟಿ ಮೂರು ದಿನವಾಗಿದೆ. ಮೈಸೂರಿನಲ್ಲಿ ಬೆಳಗಿನ ಐದೂವರೆಗೆ ಹಾಲು ತರಲು ಹೊರಟರೆ ಕಿವಿಗೆ ಮಫ್ಲರ್ ಸುತ್ತಿಕೊಳ್ಳದೆ ಗತಿಯಿಲ್ಲ. ಪ್ರತಿ ವರ್ಷ ಈ ಹೊತ್ತಿಗೆ ನಾನು ಚಳಿಗಾಲಕ್ಕೆಂದೇ ಒಂದು ಹಾಡಿನ ಪಟ್ಟಿ ಮಾಡಿಟ್ಟುಕೊಂಡು, ಸಂಕ್ರಾಂತಿಗೆ ಎಳ್ಳು ಬೀರುವವರೆಗೂ ಅದನ್ನೇ ಕೇಳುತ್ತಿರುತ್ತೇನೆ. ಈ ಸಲ ಒಂದು ಕಟ್ಟುಪಾಡು ಹಾಕಿಕೊಂಡಿದ್ದೇನೆ: ಹಾಡನ್ನು ಬರೆದವಳೂ, ಅದಕ್ಕೆ ಧಾಟಿ ಕಟ್ಟಿದವಳೂ, ಹಾಡಿದವಳೂ ಒಬ್ಬಳೇ ಹೆಣ್ಣುಮಗಳಾಗಿರಬೇಕು. ಚಳಿಗಾಲ ಹಾಡಿನೊಳಗೇ ಇರಬೇಕು, ಇಲ್ಲವೇ ಚಳಿಯಲ್ಲಿ ಕೇಳಿದಾಗಲೇ ಅದರ ರುಚಿ ತಿಳಿಯುವಂತಿರಬೇಕು. ಕ್ರಿಸ್‌ಮಸ್ ಶುಭಾಶಯದ ಹಾಡುಗಳು ಬೇಡ. ಅವು ಮಾಲ್‌ಗಳಲ್ಲಿ ನವೆಂಬರ್‌ನಿಂದಲೇ, ಬೇಡವೆಂದರೂ ಕಿವಿಗೆ ಬೀಳುತ್ತವೆ.

ನನ್ನ ಮೊದಲ ಹಾಡು ಕೆನಡಾದ ಗಾಯಕಿ ಜೋನಿ ಮಿಚೆಲ್ ಅವರ ‘ರಿವರ್’. 1971ರ ‘ಬ್ಲೂ’ ಆಲ್ಬಮ್‌ನದು. ಪಿಯಾನೋದಲ್ಲಿ ಮೊದಲಿಗೆ ಕೇಳುವುದು ಎಲ್ಲರಿಗೂ ಗೊತ್ತಿರುವ ‘ಜಿಂಗಲ್ ಬೆಲ್ಸ್’ ಧಾಟಿಯೇ, ಆದರೆ ಅದರ ಸಡಗರವೆಲ್ಲ ಇಂಗಿಹೋಗಿರುತ್ತದೆ. ನಿನ್ನೆ ಇದನ್ನು ಹಾಕಿದಾಗ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ, “ಇದೇನೇ, ಜಿಂಗಲ್ ಬೆಲ್ಸನ್ನು ಸೂತಕದ ಮನೆಯಲ್ಲಿ ಹಾಡಿದ ಹಾಗಿದೆಯಲ್ಲ” ಎಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲಿಯೂ ಓದಿಲ್ಲ. ಉಳಿದ ಹೆಸರುಗಳನ್ನು ನೀವು ಹೇಳಿ.

ಹಂಡೆಒಲೆ

ಇಂಗ್ಲೆಂಡಿನ ಗಾಯಕಿ ಕೇಟ್ ಬುಷ್ ಅವರ ‘50 ವರ್ಡ್ಸ್ ಫಾರ್ ಸ್ನೋ’ ಆಲ್ಬಮ್ ಇಲ್ಲದ ಪಟ್ಟಿಯನ್ನು ನಾನು ಚಳಿಗಾಲದ ಪಟ್ಟಿ ಎಂದು ಒಪ್ಪುವುದಿಲ್ಲ. ಹಂಡೆಗೆ ಉರಿ ಹಾಕಿ ಬಂದು ವಿವರವಾಗಿ ಬರೆಯುತ್ತೇನೆ.

ಸಾಗರದಾಚೆ

ಮಾಗಿಮಲ್ಲಿಗೆಯವರೇ, ನಾನು ಸಾಗರದ ಕಡೆಯವನು. ಹನ್ನೊಂದು ವರ್ಷಗಳಿಂದ ಕೆನಡಾದ ಸಸ್ಕಟೂನ್‌ನಲ್ಲಿದ್ದೇನೆ, ಅಂದರೆ ಜೋನಿ ಮಿಚೆಲ್ ಬೆಳೆದ ಊರಿನಲ್ಲಿ. ಹಾಗಾಗಿ ಈ ಹಾಡಿನ ವಿಷಯದಲ್ಲಿ ಸ್ವಲ್ಪ ಅಧಿಕಪ್ರಸಂಗ ಮಾಡಲು ಅನುಮತಿ ಕೊಡಿ. ‘ರಿವರ್’ ಚಳಿಗಾಲದ ಹಾಡಲ್ಲ, ಚಳಿಗಾಲ ಸಿಗದವಳ ಹಾಡು. ಆ ವರ್ಷಗಳಲ್ಲಿ ಅವರ ಮನೆ ಲಾಸ್ ಏಂಜಲೀಸ್‌ನ ಲಾರೆಲ್ ಕ್ಯಾನಿಯನ್‌ನಲ್ಲಿತ್ತು. ಇಲ್ಲಿ ಹಿಮವೇ ಬೀಳುವುದಿಲ್ಲ, ಎಲ್ಲವೂ ಹಸಿರಾಗಿಯೇ ಇರುತ್ತದೆ ಎಂಬ ಕೊರಗು ಹಾಡಿನಲ್ಲಿಯೇ ಬರುತ್ತದೆ. ಹೆಪ್ಪುಗಟ್ಟಿದ ನದಿಯೊಂದಿದ್ದರೆ ಅದರ ಮೇಲೆ ಜಾರಿಕೊಂಡು ಇಲ್ಲಿಂದ ಪಾರಾಗುತ್ತಿದ್ದೆ ಎನ್ನುವುದು ಅವಳ ಆಸೆ. ಮುರಿದ ಪ್ರೀತಿಯೂ ಇದೆ, ತಪ್ಪು ತನ್ನದೆಂಬ ತಪ್ಪೊಪ್ಪಿಗೆಯೂ ಇದೆ. ಆದರೆ ಆಳದಲ್ಲಿರುವುದು ತವರಿನ ಥಂಡಿಯ ಹಂಬಲ. ಮಲೆನಾಡಿನಿಂದ ಚೆನ್ನೈಗೆ ಮದುವೆಯಾಗಿ ಹೋದ ನನ್ನ ಅಕ್ಕ ಡಿಸೆಂಬರ್‌ನಲ್ಲಿ ಫೋನ್ ಮಾಡಿ, “ಊರಲ್ಲಿ ಇಬ್ಬನಿ ಬಿದ್ದಿದೆಯೇನೋ?” ಎಂದು ಕೇಳುವುದೂ ಇದೇ ಹಾಡು.

ಇನ್ನೊಂದು ಸಂಗತಿಯಿದೆ. ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೋ ತಗಲಿ ಕ್ರಿಸ್‌ಮಸ್ ಹೊತ್ತಿಗೆ ಆಸ್ಪತ್ರೆಯಲ್ಲಿದ್ದಾಗ, ವಾರ್ಡಿನಲ್ಲಿ ಕ್ಯಾರಲ್‌ಗಳನ್ನು ಗಟ್ಟಿಯಾಗಿ ಹಾಡುತ್ತಿದ್ದೆ ಎಂದು ಅವರು ಹೇಳಿಕೊಂಡಿದ್ದಾರೆ. ಆ ಕಾಯಿಲೆಯಿಂದ ಎಡಗೈಯ ಬಲ ಕುಂದಿದ್ದರಿಂದಲೇ ಗಿಟಾರಿನ ತಂತಿಗಳನ್ನು ತಮ್ಮದೇ ರೀತಿಯಲ್ಲಿ ಶ್ರುತಿ ಮಾಡಿಕೊಂಡು ನುಡಿಸುವುದನ್ನು ಕಲಿತರು. ಹಾಗೆ ಅವರು ಬಳಸಿದ ಶ್ರುತಿಗಳು ಐವತ್ತಕ್ಕೂ ಹೆಚ್ಚು. ಕ್ರಿಸ್‌ಮಸ್ ಧಾಟಿಯೂ ನೋವೂ ಅವರಲ್ಲಿ ಒಟ್ಟಿಗೆ ಕೂತಿರುವುದು ನನಗೆ ಆಶ್ಚರ್ಯವೆನಿಸುವುದಿಲ್ಲ.

ವಾಗ್ಗೇಯಪ್ರಿಯ

ಚರ್ಚೆ ಚೆನ್ನಾಗಿದೆ, ಆದರೆ ಎಲ್ಲರೂ ಕಡಲಾಚೆಗೇ ಏಕೆ ನೋಡುತ್ತಿದ್ದೀರಿ? ನೀವು ಕಟ್ಟುಪಾಡು ಎಂದು ಹೇಳಿದ್ದಕ್ಕೆ ನಮ್ಮಲ್ಲಿ ಹೆಸರೇ ಇದೆ: ವಾಗ್ಗೇಯಕಾರ. ಮಾತು ಮತ್ತು ಧಾತು, ಅಂದರೆ ಸಾಹಿತ್ಯ ಮತ್ತು ಸಂಗೀತ, ಎರಡನ್ನೂ ರಚಿಸುವವರು ವಾಗ್ಗೇಯಕಾರರೆಂದು 13ನೆಯ ಶತಮಾನದ ‘ಸಂಗೀತರತ್ನಾಕರ’ವೇ ಹೇಳಿದೆ. ಚಳಿಗಾಲದ ಹಾಡುಗಳನ್ನು ರಚಿಸಿದ ಹೆಣ್ಣುಮಗಳೆಂದರೆ ಶ್ರೀವಿಲ್ಲಿಪುತ್ತೂರಿನ ಗೋದಾದೇವಿ, ಆಂಡಾಳ್. ಅವಳ ತಮಿಳು ಕೃತಿ ‘ತಿರುಪ್ಪಾವೈ’ಯ ಮೂವತ್ತು ಪಾಶುರಗಳು, ಅಂದರೆ ಪದ್ಯಗಳು, ಮಾರ್ಗಳಿ ತಿಂಗಳ, ಅಂದರೆ ನಮ್ಮ ಧನುರ್ಮಾಸದ, ಹೆಸರಿನಿಂದಲೇ ಆರಂಭವಾಗುತ್ತವೆ. ದಿನಕ್ಕೊಂದು ಪಾಶುರದಂತೆ ಇಡೀ ಧನುರ್ಮಾಸ ಹಾಡುತ್ತಾರೆ. ತಿರುಮಲೆಯಲ್ಲಿ ಈ ತಿಂಗಳು ಸುಪ್ರಭಾತದ ಬದಲು ಇದನ್ನೇ ಹೇಳುತ್ತಾರೆ. ಚಳಿಯಲ್ಲಿ ಹೊದ್ದು ಮಲಗಿರುವ ಗೆಳತಿಯರನ್ನು ಒಬ್ಬೊಬ್ಬರಾಗಿ ಗದರಿಸಿ, ಛೇಡಿಸಿ, ಸ್ನಾನಕ್ಕೆ ಎಬ್ಬಿಸುವ ಪಾಶುರಗಳನ್ನು ಓದಿ ನೋಡಿ. ಹಾಸಿಗೆ ಬಿಟ್ಟು ಏಳುವ ಸಂಕಟವನ್ನು ಅಷ್ಟು ಚೆನ್ನಾಗಿ ತಿಳಿದವರು ಬೇರೆ ಯಾರೂ ಇಲ್ಲ.

ಶ್ರುತಿಪೆಟ್ಟಿಗೆ

ವಾಗ್ಗೇಯಪ್ರಿಯರೇ, ಕ್ಷಮಿಸಿ, ನಿಮ್ಮ ಮಾತಿನಿಂದಲೇ ನಿಮ್ಮನ್ನು ಹಿಡಿಯುತ್ತೇನೆ. ಆಂಡಾಳಿನ ಮಾತು ಉಳಿದಿದೆ, ಧಾತು ಉಳಿದಿಲ್ಲ. ಈಗ ಕಚೇರಿಗಳಲ್ಲಿ ಕೇಳುವ ರಾಗಗಳನ್ನು, ಮೊದಲ ಪಾಶುರದ ನಾಟ ರಾಗವೂ ಸೇರಿದಂತೆ, ಅಳವಡಿಸಿದವರು 20ನೆಯ ಶತಮಾನದ ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು. ಹಾಗಿರುವಾಗ ಈ ಪಟ್ಟಿಯ ಕಟ್ಟುಪಾಡಿಗೆ ಅದು ಒಗ್ಗುವುದು ಹೇಗೆ?

ವಾಗ್ಗೇಯಪ್ರಿಯ

ದೇವಸ್ಥಾನದಲ್ಲಿ ರಾಗವಿಲ್ಲದೆ ಅನುಸಂಧಾನ ಮಾಡುವ, ಅಂದರೆ ಪಠಿಸುವ, ಕ್ರಮವೂ ಇದೆ. ಬೆಳಗಿನ ನಾಲ್ಕೂವರೆಗೆ ಎದ್ದು ಹೋಗಿ ಕೇಳಿ, ಬಿಸಿ ಹುಗ್ಗಿ ತಿಂದು ಬಂದು ಆಮೇಲೆ ವಾದ ಮಾಡಿ.

ಶ್ರುತಿಪೆಟ್ಟಿಗೆ

ಹುಗ್ಗಿಯ ವಿಷಯದಲ್ಲಿ ನನ್ನ ತಕರಾರಿಲ್ಲ.

ಹಂಡೆಒಲೆ

ಈಗ ಕೇಟ್ ಬುಷ್. ಆಲ್ಬಮ್ 2011ರ ನವೆಂಬರ್‌ನಲ್ಲಿ ಬಂತು. ಏಳೇ ಹಾಡುಗಳು, ಆದರೆ ಒಟ್ಟು ಅವಧಿ ಅರುವತ್ತೈದು ನಿಮಿಷ. ಆತುರಗಾರರಿಗೆ ಇದು ಹೇಳಿದ ಸರಕಲ್ಲ. ‘ಮಿಸ್ಟಿ’ ಎಂಬ ಹಾಡು ಹದಿಮೂರು ನಿಮಿಷ ದಾಟುತ್ತದೆ. ಅದರಲ್ಲಿ ಒಬ್ಬ ಹೆಂಗಸು ಹಿಮದಿಂದ ಮಾಡಿದ ಗಂಡಸಿನ ಜೊತೆ ರಾತ್ರಿ ಕಳೆಯುತ್ತಾಳೆ. ಬೆಳಗಾಗುವಷ್ಟರಲ್ಲಿ ಅವನಿರುವುದಿಲ್ಲ, ಒದ್ದೆಯಾದ ಹಾಸಿಗೆ ಮತ್ತು ಒಂದಿಷ್ಟು ಎಲೆ ಕಡ್ಡಿ ಉಳಿದಿರುತ್ತವೆ. ಕಥೆಯನ್ನು ಹೀಗೆ ಹೇಳಿದರೆ ನಗು ಬರುತ್ತದೆ ಎಂದು ನನಗೆ ಗೊತ್ತು. ಸ್ಟೀವ್ ಗ್ಯಾಡ್ ಅವರ ಡ್ರಮ್ಸ್ ಹಿಂದೆ ಮೆಲ್ಲನೆ ನಡೆಯುತ್ತಿರುವಾಗ ಅದನ್ನು ಕೇಳಿದರೆ ನಗು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಇನ್ನು ‘ವೈಲ್ಡ್ ಮ್ಯಾನ್’ ಹಿಮಮಾನವ ಯೇತಿಯ ಹಾಡು. ಅದರಲ್ಲಿ ನಮ್ಮ ಮೇಘಾಲಯದ ಗಾರೋ ಬೆಟ್ಟಗಳ ಹೆಸರು ಬರುತ್ತದೆ ಎಂಬುದನ್ನು ಗಮನಿಸಿದವರು ಕಡಿಮೆ.

ಸ್ವೆಟರ್‌ವಿರೋಧಿ

ಹಂಡೆಒಲೆಯವರೇ, ಆ ಆಲ್ಬಮ್‌ನ ಮೊದಲ ಹಾಡು ‘ಸ್ನೋಫ್ಲೇಕ್’ನಲ್ಲಿ ಮುಖ್ಯವಾಗಿ ಹಾಡಿರುವುದು ಆಗ ಇನ್ನೂ ಎಳೆಯ ಹುಡುಗನಾಗಿದ್ದ ಅವರ ಮಗ. ಇನ್ನೊಂದರಲ್ಲಿ ಎಲ್ಟನ್ ಜಾನ್ ಇದ್ದಾರೆ. ಶೀರ್ಷಿಕೆಯ ಹಾಡಿನಲ್ಲಿ ಹಿಮಕ್ಕೆ ಐವತ್ತು ಹೆಸರುಗಳನ್ನು ಓದಿ ಹೇಳುವವರು ನಟ ಸ್ಟೀಫನ್ ಫ್ರೈ. ಇನ್ನೆಷ್ಟು ಬಾಕಿ ಎಂದು ಲೆಕ್ಕ ಹೇಳಿ ಹುರಿದುಂಬಿಸುವುದಷ್ಟೇ ಕೇಟ್ ಬುಷ್ ಅವರ ಕೆಲಸ. ಕಟ್ಟುಪಾಡು ಮೂರು ಕಡೆ ಮುರಿಯಿತು. ಅದಿರಲಿ, ಕರ್ನಾಟಕದಲ್ಲಿ ಕುಳಿತು ಹಿಮದ ಹಾಡು ಕೇಳುವ ನಿಮ್ಮೆಲ್ಲರ ಬಗ್ಗೆ ನನಗೆ ಕನಿಕರವಿದೆ. ನಮ್ಮಲ್ಲಿ ಚಳಿಗಾಲ ಎನ್ನುವುದೇ ಇಲ್ಲ. ಫ್ಯಾನ್ ಹಾಕದೆ ಮಲಗುವ ಆರು ವಾರಗಳಿವೆ, ಅಷ್ಟೆ.

ಕಾವಳ

ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಅಂದು ನೀವು ಸ್ವೆಟರ್ ಇಲ್ಲದೆ ಲಾಲ್‌ಬಾಗಿಗೆ ಹೋಗಿದ್ದರೆ ತಿಳಿಯುತ್ತಿತ್ತು. ಹಿಮಕ್ಕೆ ಐವತ್ತು ಹೆಸರು ನಮ್ಮ ಬಳಿ ಇಲ್ಲದಿರಬಹುದು, ಆದರೆ ಚಳಿ, ಥಂಡಿ, ಶೀತ, ಹಳಗನ್ನಡದ ಕುಳಿರ್, ಮಂಜು, ಇಬ್ಬನಿ, ಕಾವಳ, ಮಾಗಿ ಎಂದು ಉಸಿರು ಬಿಗಿಹಿಡಿದು ಎಂಟನ್ನಾದರೂ ಹೇಳುತ್ತೇನೆ. ಉಳಿದ ನಲವತ್ತೆರಡನ್ನು ಕೇಟ್ ಬುಷ್ ಅವರಂತೆ ಹೊಸದಾಗಿ ಕಟ್ಟಿಕೊಳ್ಳೋಣ.

ಧಾರವಾಡದ ಪೇಢೆ

ನನ್ನ ಆಯ್ಕೆ ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಅವರ ‘ಹಾರ್ಡ್ ಕ್ಯಾಂಡಿ ಕ್ರಿಸ್‌ಮಸ್’. ಕೈಯಲ್ಲಿ ಕಾಸಿಲ್ಲದವರ ಡಿಸೆಂಬರ್ ಹೇಗಿರುತ್ತದೆ ಎಂಬುದನ್ನು ಅಷ್ಟು ನೇರವಾಗಿ ಹೇಳಿದ ಹಾಡು ಕಡಿಮೆ.

ಶ್ರುತಿಪೆಟ್ಟಿಗೆ

ಅದನ್ನು ಬರೆದವರು ಕ್ಯಾರಲ್ ಹಾಲ್. ಅವರು 1978ರ ಸಂಗೀತನಾಟಕವೊಂದಕ್ಕೆ ಬರೆದ ಹಾಡದು. ಡಾಲಿ ಅದನ್ನು ಹಾಡಿ ಜನಪ್ರಿಯಗೊಳಿಸಿದರು. ಬರೆದವರೂ ಹೆಣ್ಣೇ, ಹಾಡಿದವರೂ ಹೆಣ್ಣೇ, ಆದರೆ ಒಬ್ಬರೇ ಅಲ್ಲ.

ಧಾರವಾಡದ ಪೇಢೆ

ನನಗೆ ಗೊತ್ತಿರಲಿಲ್ಲ, ತಿದ್ದಿದ್ದಕ್ಕೆ ವಂದನೆಗಳು. ಹಾಗಾದರೆ ಅವರೇ ಬರೆದ ‘ಕೋಟ್ ಆಫ್ ಮೆನಿ ಕಲರ್ಸ್’ ಅನ್ನು ಸೇರಿಸಿ, ಇದನ್ನು ಮಾತ್ರ ಬಿಟ್ಟುಕೊಡುವುದಿಲ್ಲ. 1971ರ ಹಾಡು. ಟೆನೆಸ್ಸೀಯ ಬೆಟ್ಟಗಳಲ್ಲಿ ಹನ್ನೆರಡು ಮಕ್ಕಳ ಬಡ ಮನೆ. ಚಳಿ ಹತ್ತಿರ ಬಂದಿದೆ, ಮಗಳಿಗೆ ಕೋಟಿಲ್ಲ. ಯಾರೋ ಕೊಟ್ಟ ಬಣ್ಣಬಣ್ಣದ ಚಿಂದಿಗಳನ್ನು ಜೋಡಿಸಿ ತಾಯಿ ಕೋಟು ಹೊಲಿಯುತ್ತಾಳೆ, ಹೊಲಿಯುತ್ತಾ ಬೈಬಲ್ಲಿನ ಜೋಸೆಫ್‌ನ ಕಥೆ ಹೇಳುತ್ತಾಳೆ. ಶಾಲೆಯಲ್ಲಿ ಮಕ್ಕಳು ಅದನ್ನು ನೋಡಿ ನಗುತ್ತಾರೆ, ಇವಳಿಗೆ ಅವರು ಏಕೆ ನಗುತ್ತಿದ್ದಾರೆಂಬುದೇ ಅರ್ಥವಾಗುವುದಿಲ್ಲ. ಡಾಲಿ ಈ ಹಾಡನ್ನು ಬಸ್ಸಿನಲ್ಲಿ ಪ್ರಯಾಣಿಸುವಾಗ, ಬೇರೆ ಕಾಗದ ಸಿಗದೆ, ಡ್ರೈಕ್ಲೀನಿಂಗ್ ಅಂಗಡಿಯ ರಸೀತಿಯ ಮೇಲೆ ಬರೆದರಂತೆ. ಬಟ್ಟೆಯ ಹಾಡು ಬಟ್ಟೆಯ ರಸೀತಿಯ ಮೇಲೆ!

ಇದನ್ನು ಮೊದಲ ಸಲ ಕೇಳಿದಾಗ ನನಗೆ ನಮ್ಮ ಆಯಿಯ ಕೌದಿ ಕಣ್ಣ ಮುಂದೆ ಬಂದಿತ್ತು. ಹರಿದ ಇಳಕಲ್ಲ ಸೀರೆ, ಅಜ್ಜನ ಧೋತರ, ನಮ್ಮ ಹಳೆಯ ಅಂಗಿಗಳು, ಎಲ್ಲವೂ ಅದರಲ್ಲಿ ಸಿಗುತ್ತಿದ್ದವು. ರಾತ್ರಿ ಹೊದ್ದುಕೊಂಡು “ಇದು ನನ್ನ ಅಂಗಿ, ಅದು ನಿನ್ನ ಲಂಗ” ಎಂದು ಅಣ್ಣ ತಂಗಿ ಜಗಳವಾಡುತ್ತಿದ್ದೆವು. ಹಾಸ್ಟೆಲಿಗೆ ಹೋದಾಗ ಆ ಕೌದಿಯನ್ನು ಟ್ರಂಕಿನಿಂದ ಹೊರಗೆ ತೆಗೆಯಲು ನಾಚಿಕೆಯಾಗಿ, ಇಡೀ ಡಿಸೆಂಬರ್ ತೆಳುವಾದ ಚಾದರದಲ್ಲಿ ನಡುಗಿದ್ದೇನೆ. ಡಾಲಿಯ ಹುಡುಗಿಗೆ ಇದ್ದ ಧೈರ್ಯ ನನಗಿರಲಿಲ್ಲ.

ಕಾವಳ

ಪೇಢೆಯವರೇ, ನಿಮ್ಮ ಬರಹ ಓದಿ ಅಕ್ಕಮಹಾದೇವಿಯ ವಚನವೊಂದು ನೆನಪಾಯಿತು. ಹಸಿವಿಗೆ ಭಿಕ್ಷಾನ್ನ, ಬಾಯಾರಿಕೆಗೆ ಕೆರೆ ಬಾವಿ, ಮಲಗಲು ಹಾಳು ದೇಗುಲ ಎಂದು ಎಣಿಸುವಾಗ, ‘ಅಂಗಶೀತ’ಕ್ಕೆ ಜನ ಬಿಸಾಡಿದ ಅರಿವೆಗಳುಂಟು ಎನ್ನುತ್ತಾಳೆ. ಚಳಿಗೆ ಚಿಂದಿ ಸಾಕು ಎಂಬ ಮಾತು 12ನೆಯ ಶತಮಾನದ ಕನ್ನಡದಲ್ಲಿಯೂ ಇದೆ. ಆದರೆ ವ್ಯತ್ಯಾಸವೂ ಇದೆ: ಡಾಲಿಯ ಚಿಂದಿಯನ್ನು ತಾಯಿ ಹೊಲಿದುಕೊಟ್ಟಳು, ಅಕ್ಕನ ಚಿಂದಿಯನ್ನು ಹೊಲಿಯುವವರಿರಲಿಲ್ಲ. ಆ ಪಟ್ಟಿಯ ಕೊನೆಯಲ್ಲಿ ಅವಳು ತನ್ನ ಚೆನ್ನಮಲ್ಲಿಕಾರ್ಜುನನನ್ನು ಇಡುತ್ತಾಳೆ.

ಸ್ವೆಟರ್‌ವಿರೋಧಿ

ವಚನ ಹಾಡೇ? ಅದನ್ನು ಹಾಡಾಗಿ ಮಾಡಿದವರು ನಂತರದ ಗಾಯಕರು. ಶ್ರುತಿಪೆಟ್ಟಿಗೆಯವರು ಆಂಡಾಳಿಗೆ ಹಾಕಿದ ಪ್ರಶ್ನೆಯನ್ನು ಇಲ್ಲಿಯೂ ಹಾಕಬೇಕು, ಇಲ್ಲವಾದರೆ ಪಕ್ಷಪಾತವಾಗುತ್ತದೆ.

ಶ್ರುತಿಪೆಟ್ಟಿಗೆ

ಹಾಕುತ್ತೇನೆ, ಆದರೆ ನಾಳೆ. ಈಗ ಆ ‘ಅಂಗಶೀತ’ ಎಂಬ ಪದದಲ್ಲಿಯೇ ಸಿಕ್ಕಿಕೊಂಡಿದ್ದೇನೆ.

ರೊಟ್ಟಿಬುತ್ತಿ

ನನ್ನ ಪ್ರಶ್ನೆ ಬೇರೆ. ಬೀಸುವಾಗ, ಕುಟ್ಟುವಾಗ ನಮ್ಮ ಹೆಣ್ಣುಮಕ್ಕಳು ಕಟ್ಟಿದ ಹಾಡುಗಳಿಗೆ ಬರೆದವರ ಹೆಸರೇ ಇಲ್ಲ. ಬೆಳಗಿನ ಜಾವದ ಚಳಿಯಲ್ಲಿ ಬೀಸುಕಲ್ಲಿನ ಮುಂದೆ ಕೂತು, ಒಬ್ಬಳು ಸಾಲು ಎತ್ತಿದರೆ ಇನ್ನೊಬ್ಬಳು ಮುಂದಿನದನ್ನು ಸೇರಿಸುತ್ತಿದ್ದಳು. ಒಬ್ಬಳೇ ಬರೆದಿರಬೇಕೆಂಬ ನಿಮ್ಮ ಕಟ್ಟುಪಾಡು ರೆಕಾರ್ಡ್ ಕಂಪನಿಗಳ ಕಾಲದ್ದು. ಅದರಲ್ಲಿ ನಮ್ಮ ಅಜ್ಜಿಯರಿಗೆ ಜಾಗವಿಲ್ಲ.

ಮಾಗಿಮಲ್ಲಿಗೆ

ರೊಟ್ಟಿಬುತ್ತಿಯವರೇ, ಒಪ್ಪಿದೆ, ಕಟ್ಟುಪಾಡನ್ನು ಸಡಿಲಿಸುತ್ತೇನೆ. ಆದರೆ ಪೂರ್ತಿ ಬಿಡಲಾರೆ, ಏಕೆಂದರೆ ಬಿಟ್ಟರೆ ಗಂಡಸರು ಬರೆದುಕೊಟ್ಟದ್ದೆಲ್ಲ ಒಳಗೆ ನುಗ್ಗುತ್ತದೆ. ಈಗಾಗಲೇ ಖಾಸಗಿ ಸಂದೇಶದಲ್ಲಿ ಇಬ್ಬರು ಸಾರಾ ಮೆಕ್ಲಾಕ್ಲನ್ ಅವರ ‘ಸಾಂಗ್ ಫಾರ್ ಎ ವಿಂಟರ್ಸ್ ನೈಟ್’ ಕಳಿಸಿದ್ದಾರೆ. ಅದು ಗಾರ್ಡನ್ ಲೈಟ್‌ಫುಟ್ ಅವರ ಹಾಡು. ಸಾರಾ ಅವರ 2006ರ ‘ವಿಂಟರ್‌ಸಾಂಗ್’ ಆಲ್ಬಮ್‌ನ ಶೀರ್ಷಿಕೆಯ ಹಾಡು ಮಾತ್ರ ಅವರದೇ, ಅದನ್ನು ಸೇರಿಸಿಕೊಂಡಿದ್ದೇನೆ.

ತಂಬಿಟ್ಟು

ಬ್ಯೋರ್ಕ್ ಅವರನ್ನು ಯಾರೂ ಹೇಳಲಿಲ್ಲವಲ್ಲ. ಐಸ್‌ಲ್ಯಾಂಡಿನವರಿಗೆ ಚಳಿಯ ಬಗ್ಗೆ ನಮಗಿಂತ ಸ್ವಲ್ಪ ಹೆಚ್ಚೇ ತಿಳಿದಿರುತ್ತದೆ. 2001ರ ‘ವೆಸ್ಪರ್ಟೈನ್’ ಹೊರಗಿನ ಚಳಿಗಾಲದ್ದಲ್ಲ, ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೂತವರ ಚಳಿಗಾಲದ್ದು. ಹಾರ್ಪ್, ಸೆಲೆಸ್ಟಾ, ಕೀಲಿ ಕೊಟ್ಟರೆ ನುಡಿಯುವ ಸಂಗೀತದ ಪೆಟ್ಟಿಗೆ, ಗ್ರೀನ್‌ಲ್ಯಾಂಡಿನ ಹೆಂಗಸರ ಮೇಳ, ಇವುಗಳ ಜೊತೆ ಮನೆಯೊಳಗಿನ ಸಣ್ಣಪುಟ್ಟ ಸದ್ದುಗಳನ್ನೇ ತಾಳವಾಗಿ ಪೋಣಿಸಿದ್ದಾರೆ. ‘ಅರೋರಾ’ದಲ್ಲಿ ಹಿಮದ ಮೇಲೆ ಹೆಜ್ಜೆಯಿಡುವ ಚರಚರ ಸದ್ದೇ ತಾಳ. ಕಂಪ್ಯೂಟರಿನ ಸಣ್ಣ ಸ್ಪೀಕರಿನಲ್ಲಿ ಕೇಳಿದರೂ ಕೆಡದ ವಾದ್ಯಗಳನ್ನೇ ಅವರು ಆರಿಸಿಕೊಂಡರು. ನಾನು ಹುಬ್ಬಳ್ಳಿಯ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ, ಅಂಥದ್ದೇ ಕೆಟ್ಟ ಸ್ಪೀಕರಿನಲ್ಲಿ ಇದನ್ನು ಕೇಳಿ ಆ ಆಯ್ಕೆಗೆ ಸಾಕ್ಷಿಯಾಗಿದ್ದೇನೆ.

ಇಬ್ಬನಿಗಂಗೆ

ಎರಡು ಹೆಸರುಗಳು, ಎರಡೂ ಇಂಗ್ಲೆಂಡಿನವು. ಸ್ಯಾಂಡಿ ಡೆನ್ನಿ ಅವರ ‘ಹೂ ನೋಸ್ ವೇರ್ ದ ಟೈಮ್ ಗೋಸ್’ ಸಂಜೆಯ ಆಕಾಶದಲ್ಲಿ ವಲಸೆ ಹೊರಟ ಹಕ್ಕಿಗಳಿಂದ ಆರಂಭವಾಗುತ್ತದೆ. ಹೊರಡುವ ಹೊತ್ತೆಂದು ಅವುಗಳಿಗೆ ಹೇಗೆ ತಿಳಿಯಿತು ಎಂದು ಕೇಳುವ ಹುಡುಗಿ ಚಳಿಗಾಲದ ಬೆಂಕಿಯ ಮುಂದೆ ಕನಸು ಕಾಣುತ್ತಾ ಕೂರುತ್ತಾಳೆ. ಬರೆದಾಗ ಅವರಿಗೆ ಇಪ್ಪತ್ತರ ಆಸುಪಾಸು. 1969ರಲ್ಲಿ ಫೇರ್‌ಪೋರ್ಟ್ ಕನ್ವೆನ್ಷನ್ ತಂಡದೊಡನೆ ಹಾಡಿದ್ದನ್ನೇ ಕೇಳಬೇಕು. 1978ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾಲಕ್ಕೆ ಹೆದರುವುದಿಲ್ಲ ಎಂದು ಹಾಡಿದವಳಿಗೆ ಕಾಲ ಸಿಕ್ಕಿದ್ದೇ ಅಷ್ಟು.

ಎರಡನೆಯವರು ವಾಷ್ಟಿ ಬನ್ಯನ್. ‘ವಿಂಟರ್ ಈಸ್ ಬ್ಲೂ’ 1966ರಲ್ಲಿ ಧ್ವನಿಮುದ್ರಣವಾದರೂ ಆಗ ಸಿಂಗಲ್ ಆಗಿ ಬಿಡುಗಡೆಯಾಗಲಿಲ್ಲ. ಬೇಸತ್ತ ಅವರು ಕುದುರೆಗಾಡಿ ಹೂಡಿಕೊಂಡು ಸ್ಕಾಟ್ಲೆಂಡಿನ ದ್ವೀಪಗಳ ಕಡೆ ಹೊರಟರು. ಆ ದಾರಿಯಲ್ಲಿ ಹುಟ್ಟಿದ ಹಾಡುಗಳ ಆಲ್ಬಮ್ 1970ರಲ್ಲಿ ಬಂದಾಗ ಕೊಂಡವರು ಬೆರಳೆಣಿಕೆಯಷ್ಟು, ಹಾಡುವುದನ್ನೇ ಬಿಟ್ಟರು. 2000ದಲ್ಲಿ ಅದು ಮರುಬಿಡುಗಡೆಯಾಗಿ ಹೊಸ ತಲೆಮಾರಿನವರು ಮೆಚ್ಚಿಕೊಂಡ ಮೇಲೆ, 2005ರಲ್ಲಿ ಎರಡನೆಯ ಆಲ್ಬಮ್ ಮಾಡಿದರು. ನಡುವೆ ಮೂವತ್ತೈದು ವರ್ಷ.

ಸ್ವೆಟರ್‌ವಿರೋಧಿ

ಒಬ್ಬರು ಸತ್ತರು, ಒಬ್ಬರು ಹಾಡು ಬಿಟ್ಟರು, ಒಬ್ಬರ ಪ್ರಿಯಕರ ಕರಗಿ ನೀರಾದ. ನಗುನಗುತ್ತಾ ಚಳಿ ಕಾಯಿಸಿಕೊಂಡ ಒಬ್ಬ ಗಾಯಕಿಯೂ ಇಲ್ಲವೇ?

ಇಬ್ಬನಿಗಂಗೆ

ಲಾರಾ ಮಾರ್ಲಿಂಗ್ ಇದ್ದಾರೆ. ‘ಗುಡ್‌ಬೈ ಇಂಗ್ಲೆಂಡ್’ ಹಾಡು 2009ರ ಡಿಸೆಂಬರ್‌ನಲ್ಲಿ ಬಂದಾಗ ಅವರಿಗೆ ಹತ್ತೊಂಬತ್ತು ವರ್ಷ. ಹಿಮ ಮುಚ್ಚಿದ ಊರನ್ನು ಅಪ್ಪನ ಜೊತೆ ನಿಂತು ನೋಡಿದ ನೆನಪು ಅದರಲ್ಲಿದೆ. ನಗುವೆಂದು ಹೇಳಲಾರೆ, ಆದರೆ ಯಾರೂ ಸಾಯುವುದಿಲ್ಲ.

ಕಾಫಿಹೂ

ಅಪ್ಪ ಮತ್ತು ಹಿಮ ಎಂದರೆ ಟೋರಿ ಏಮಸ್ ಅವರ 1992ರ ‘ವಿಂಟರ್’ ಅನ್ನು ಹೇಗೆ ಬಿಟ್ಟಿರಿ? ಕೈಗವಸು ಮರೆತು, ಹೊಸ ಬೂಟು ಹಾಕಿಕೊಂಡು, ಅಪ್ಪನ ಕೈಗವಸಿನೊಳಗೆ ಕೈಯಿಡುವ ಮಗುವಿನಿಂದ ಆರಂಭವಾಗಿ, ಕೂದಲು ಬೆಳ್ಳಗಾಗುವ ಹೊತ್ತಿನವರೆಗೆ ಹೋಗುವ ಹಾಡದು. ನಿನ್ನನ್ನು ನಾನು ಪ್ರೀತಿಸುವಷ್ಟು ನೀನೇ ನಿನ್ನನ್ನು ಯಾವಾಗ ಪ್ರೀತಿಸುತ್ತೀಯೆ ಎಂದು ಅಪ್ಪ ಕೇಳುತ್ತಾನೆ. ಕೊಡಗಿನಲ್ಲಿ ಕಾಫಿ ಕೊಯ್ಲಿನ ದಿನಗಳಲ್ಲಿ ನಮ್ಮ ಅಪ್ಪ ಮಂಜು ಬಿಡುವ ಮೊದಲೇ ಕಣಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅವರು ಇಂಥ ಪ್ರಶ್ನೆಯನ್ನು ಜನ್ಮದಲ್ಲಿ ಕೇಳಿದವರಲ್ಲ. “ಕಾಲಿಗೆ ಬೂಟು ಹಾಕಿದ್ದೀಯಾ?” ಎಂದಷ್ಟೇ ಕೇಳುತ್ತಿದ್ದರು. ಅವೆರಡೂ ಒಂದೇ ಪ್ರಶ್ನೆಯೆಂದು ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು.

ಹಂಡೆಒಲೆ

ಕಾಫಿಹೂ ಅವರೇ, ಇದನ್ನು ಓದಿ ಹೆಂಡತಿಗೆ ಓದಿ ಹೇಳಿದೆ. ಅವಳು ತವರಿಗೆ ಫೋನ್ ಹಚ್ಚಿದ್ದಾಳೆ. ಇವತ್ತು ತಿಂಡಿ ತಡವಾಗುವ ಲಕ್ಷಣವಿದೆ.

ಕಾವಳ

ಸಾಗರದಾಚೆಯವರೇ, ಒಂದು ಕುತೂಹಲ. ಜೋನಿ ಹಂಬಲಿಸಿದ ಆ ನದಿಯ ಮೇಲೆ ಈಗ ನಿಜವಾಗಿಯೂ ಜಾರಬಹುದೇ?

ಸಾಗರದಾಚೆ

ನಮ್ಮ ಊರಿನ ಮಧ್ಯೆ ಹರಿಯುವುದು ದಕ್ಷಿಣ ಸಸ್ಕಾಚೆವಾನ್ ನದಿ. ನಾವು ಮಕ್ಕಳನ್ನು ಕರೆದುಕೊಂಡು ಹೋಗುವುದು ನದಿಯ ಮೇಲಕ್ಕಲ್ಲ, ದಂಡೆಯ ಮೇಲೆ, ಬೆಸ್‌ಬರೋ ಹೋಟೆಲಿನ ಪಕ್ಕದಲ್ಲಿರುವ ಸ್ಕೇಟಿಂಗ್ ಅಂಕಣಕ್ಕೆ. ಅಲ್ಲಿಗೆ ಸಮೀಪದ ನದೀತೀರದ ಕಾಲುದಾರಿಯೊಂದಕ್ಕೆ 2018ರಲ್ಲಿ ಜೋನಿ ಮಿಚೆಲ್ ಅವರ ಹೆಸರಿಟ್ಟರು. ಕಾಲುವೆಯ ಮೇಲೆ ಮೈಲಿಗಟ್ಟಲೆ ಜಾರಬೇಕೆಂದರೆ ಅಟ್ಟಾವಾದ ರಿಡೋ ಕಾಲುವೆಗೆ ಹೋಗಬೇಕು, 7.8 ಕಿಲೋಮೀಟರ್ ಉದ್ದದ ಆ ಜಾರುದಾರಿ ಆರಂಭವಾದದ್ದೂ ‘ರಿವರ್’ ಹೊರಬಂದ 1971ರಲ್ಲಿಯೇ. 2022–23ರ ಚಳಿಗಾಲದಲ್ಲಿ ಮಂಜುಗಡ್ಡೆ ಸಾಕಷ್ಟು ದಪ್ಪವಾಗದೆ, ಅಲ್ಲಿಯವರೆಗೆ ಎಂದೂ ಆಗದ ಹಾಗೆ, ಇಡೀ ವರ್ಷ ಅದನ್ನು ತೆರೆಯಲೇ ಇಲ್ಲ. ಆ ವರ್ಷ ಕೆನಡಾದಲ್ಲಿದ್ದವರಿಗೂ ಜೋನಿಯ ಕೊರಗು ಬಂತು.

ಕಾವಳ

7.8 ಎಂಬ ಸಂಖ್ಯೆ ನನ್ನನ್ನು ಬೆನ್ನಟ್ಟಿಕೊಂಡು ಬರುತ್ತಿದೆ.

ಮಾಗಿಮಲ್ಲಿಗೆ

ಪಟ್ಟಿ ಎರಡು ಗಂಟೆ ದಾಟಿದೆ. ಅಮ್ಮನಿಗೆ ಎಲ್ಲವನ್ನೂ ಒಂದೊಂದಾಗಿ ಕೇಳಿಸುತ್ತಿದ್ದೇನೆ. ಬ್ಯೋರ್ಕ್ ಹಾಕಿದಾಗ “ಯಾರೋ ಅಕ್ಕಿ ಆರಿಸುತ್ತಿದ್ದಾರೆ” ಎಂದರು. ಡಾಲಿಯ ಹಾಡಿನ ಅರ್ಥ ಹೇಳಿದಾಗ ಏನೂ ಹೇಳದೆ ಎದ್ದು ಹೋಗಿ, ಅಟ್ಟದ ಮೇಲಿದ್ದ ಹಳೆಯ ಸೀರೆಗಳ ಗಂಟನ್ನು ಇಳಿಸಿಕೊಂಡು ಬಂದಿದ್ದಾರೆ. ಧಾರವಾಡದ ಪೇಢೆಯವರೇ, ಕೌದಿ ಹೊಲಿಯಲು ಯಾವ ದಪ್ಪದ ದಾರ ಬೇಕು? ಈ ಕಡೆ ಯಾರಿಗೂ ಗೊತ್ತಿಲ್ಲ.

ಧಾರವಾಡದ ಪೇಢೆ

ಆಯಿಗೆ ನಾನು ಸೂಜಿಗೆ ದಾರ ಪೋಣಿಸಿಕೊಟ್ಟದ್ದಷ್ಟೇ, ಹೊಲಿಗೆ ಕಲಿಯಲಿಲ್ಲ. ನಾಳೆ ಅವ್ವನನ್ನು ಕೇಳಿ ತಿಳಿಸುತ್ತೇನೆ.

ಸಾಗರದಾಚೆ

ನಾನೂ ಜೋನಿಯ ‘ಅರ್ಜ್ ಫಾರ್ ಗೋಯಿಂಗ್’ ಬಗ್ಗೆ ಬರೆಯುವುದಿತ್ತು. ಚಳಿ ಬರುತ್ತಿದ್ದಂತೆ ಎಲ್ಲರಿಗೂ ಊರು ಬಿಡುವ ಹಂಬಲ ಹತ್ತುವ ಹಾಡದು; ‘ರಿವರ್’ಗೆ ಸರಿಯಾಗಿ ಎದುರು ದಿಕ್ಕಿನದು. ಆದರೆ ಇಲ್ಲಿ ಈಗ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿದೆ, ರಾತ್ರಿ ಕಾರಿನ ಎಂಜಿನ್ ಬೆಚ್ಚಗಿಡುವ ಪ್ಲಗ್ ಹಾಕಲು ಮರೆತು ಬಂದಿದ್ದೇನೆ. ಹೊರಗೆ ಹೋಗಿ ಬರುತ್ತೇನೆ.